ಔಷಧಕ್ಕೆ ಬಗ್ಗದ ಸೋಂಕು: ತಡೆಯುವ ದಾರಿ ಆಸ್ಪತ್ರೆಯೊಳಗೇ ಇದೆ

ತೀವ್ರ ನಿಗಾ ಘಟಕದಲ್ಲಿರುವ ರೋಗಿಗೆ ಜ್ವರ ಏರಿ ರಕ್ತದೊತ್ತಡ ಇಳಿಯತೊಡಗಿದರೆ ವೈದ್ಯರು ತಕ್ಷಣ ಮಾಡಿಸುವ ಪರೀಕ್ಷೆಗಳಲ್ಲಿ ಬ್ಲಡ್ ಕಲ್ಚರ್ ಒಂದು. ರೋಗಿಯ ರಕ್ತವನ್ನು ಪೋಷಕ ದ್ರವವಿರುವ ಬಾಟಲಿಗೆ ಹಾಕಿ, ಮೈಬಿಸಿಯಷ್ಟೇ ಶಾಖವಿರುವ ಯಂತ್ರದಲ್ಲಿ ಇಡುತ್ತಾರೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅಲ್ಲಿ ಬೆಳೆಯುತ್ತದೆ. ಹಾಗೆ ಬೆಳೆದದ್ದನ್ನು ಅಗರ್ ತುಂಬಿದ ತಟ್ಟೆಯ ಮೇಲೆ ತೆಳುವಾಗಿ ಹರಡಿ, ಬೇರೆ ಬೇರೆ ಆಂಟಿಬಯೋಟಿಕ್‌ಗಳನ್ನು ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು ಒಂದು ರಾತ್ರಿ ಬಿಡುತ್ತಾರೆ. ಬೆಳಿಗ್ಗೆ ಬಿಲ್ಲೆಯ ಸುತ್ತ ತಿಳಿಯಾದ ದೊಡ್ಡ ವೃತ್ತ ಮೂಡಿದ್ದರೆ ಆ ಔಷಧ ಕೆಲಸ ಮಾಡುತ್ತದೆ ಎಂದರ್ಥ. ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಮಬ್ಬಾಗಿ ಬೆಳೆದು ನಿಂತಿದ್ದರೆ ಆ ಔಷಧದಿಂದ ಪ್ರಯೋಜನವಿಲ್ಲ. ದೊಡ್ಡ ಲ್ಯಾಬ್‌ಗಳಲ್ಲಿ ಈಗ ಯಂತ್ರವೇ ಈ ಕೆಲಸ ಮಾಡುತ್ತದೆ. ಹೇಗೆ ಮಾಡಿದರೂ ಎರಡು ಮೂರು ದಿನಕ್ಕೆ ವೈದ್ಯರ ಕೈಗೆ ಬರುವುದು ಒಂದು ಹಾಳೆ: ಮೇಲೆ ಬ್ಯಾಕ್ಟೀರಿಯಾದ ಹೆಸರು, ಕೆಳಗೆ ಔಷಧಗಳ ಪಟ್ಟಿ, ಪ್ರತಿಯೊಂದರ ಎದುರು ಒಂದು ಅಕ್ಷರ. ‘ಎಸ್’ ಎಂದರೆ ಔಷಧಕ್ಕೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲಿ ಕ್ಲೆಬ್ಸಿಯೆಲ್ಲಾ ಅಥವಾ ಅಸಿನೆಟೊಬ್ಯಾಕ್ಟರ್ ಹೆಸರು ಹೊತ್ತು ಬರುವ ಹಾಳೆಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಆರ್’ ಸಾಲುಗಟ್ಟಿರುವುದು ಈಗ ಅಪರೂಪದ ಸಂಗತಿಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2013ರಿಂದ ದೇಶದ ದೊಡ್ಡ ಆಸ್ಪತ್ರೆಗಳ ಜಾಲವೊಂದನ್ನು ಕಟ್ಟಿಕೊಂಡು ಇಂಥ ಹಾಳೆಗಳ ಲೆಕ್ಕ ಇಡುತ್ತಾ ಬಂದಿದೆ. ಇಮಿಪೆನೆಮ್ ಎಂಬುದು ಕಾರ್ಬಪೆನೆಮ್ ಗುಂಪಿನ ಔಷಧ. ಉಳಿದವು ಕೈಕೊಟ್ಟಾಗ ಕೊಡಲೆಂದು ಕಾದಿರಿಸಿದ್ದು. 2017ರಲ್ಲಿ ಈ ಜಾಲದ ಇ. ಕೋಲೈ ಮಾದರಿಗಳಲ್ಲಿ ನೂರಕ್ಕೆ ಸುಮಾರು 81 ಇದಕ್ಕೆ ಬಗ್ಗುತ್ತಿದ್ದವು. 2023ರ ಹೊತ್ತಿಗೆ ಅದು 63ರ ಆಸುಪಾಸಿಗೆ ಇಳಿಯಿತು. ಕ್ಲೆಬ್ಸಿಯೆಲ್ಲಾದಲ್ಲಿ 58ರಷ್ಟಿದ್ದದ್ದು 36ರ ಹತ್ತಿರಕ್ಕೆ ಕುಸಿಯಿತು. ಅಸಿನೆಟೊಬ್ಯಾಕ್ಟರ್ ಮಾದರಿಗಳಲ್ಲಿ ಹತ್ತರಲ್ಲಿ ಒಂಬತ್ತು ಕಾರ್ಬಪೆನೆಮ್‌ಗೆ ಜಗ್ಗುವುದಿಲ್ಲ. 2022ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ, 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಸತ್ತವರು ಜಗತ್ತಿನಲ್ಲಿ 12 ಲಕ್ಷ 70 ಸಾವಿರ. ಭಾರತದಲ್ಲಿ ಸುಮಾರು 3 ಲಕ್ಷ. ಇದೇ ಸೋಂಕು ಔಷಧಕ್ಕೆ ಬಗ್ಗುವಂಥದ್ದಾಗಿದ್ದರೆ ಇವರು ಬದುಕುತ್ತಿದ್ದರು ಎಂಬ ಲೆಕ್ಕದ ಮೇಲೆ ಬಂದ ಸಂಖ್ಯೆ ಇದು.

ಇದು ಹೇಗಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಜನ ಶೀತಕ್ಕೂ ಕೆಮ್ಮಿಗೂ ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು ನುಂಗುತ್ತಾರೆ, ವೈದ್ಯರು ಕೇಳಿದವರಿಗೆಲ್ಲ ಬರೆದುಕೊಡುತ್ತಾರೆ, ಕೋಳಿ ಫಾರಂಗಳಲ್ಲೂ ಬಳಸುತ್ತಾರೆ ಎಂಬುದು ಆ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಬೈಪಾಸ್ ಶಸ್ತ್ರಚಿಕಿತ್ಸೆಗೆಂದು ದಾಖಲಾಗಿ ಐದನೇ ದಿನ ಇಂಥ ಸೋಂಕಿಗೆ ಸಿಕ್ಕಿದ ರೋಗಿ ತನ್ನ ಜೀವಮಾನದಲ್ಲಿ ಒಂದೂ ಮಾತ್ರೆಯನ್ನು ತಪ್ಪಾಗಿ ನುಂಗದೆ ಇದ್ದಿರಬಹುದು. ಆ ಬ್ಯಾಕ್ಟೀರಿಯಾ ಎಷ್ಟೋ ಸಲ ಅವನ ದೇಹದಲ್ಲಿ ಪ್ರತಿರೋಧ ಕಲಿತದ್ದೇ ಅಲ್ಲ. ಬೇರೆ ಯಾರದೋ ದೇಹದಲ್ಲಿ ಕಲಿತು, ಯಾರದೋ ಕೈ, ಯಾವುದೋ ನಳಿಕೆ, ಯಾವುದೋ ಸಿಂಕಿನ ಮೂಲಕ ಅವನ ಹಾಸಿಗೆಗೆ ಬಂದದ್ದು. ಆಸ್ಪತ್ರೆಯೊಳಗಿನ ಪ್ರತಿರೋಧ ಔಷಧದ ಸಮಸ್ಯೆ ಎನ್ನುವುದಕ್ಕಿಂತ ಹರಡುವಿಕೆಯ ಸಮಸ್ಯೆ. ಹರಡುವುದನ್ನು ತಡೆಯುವ ವಿದ್ಯೆ ನಮಗೆ ಗೊತ್ತಿದೆ, ಅದಕ್ಕೆ ತಗಲುವ ಖರ್ಚೂ ದೊಡ್ಡದಲ್ಲ. ಹೊಸ ಔಷಧಕ್ಕಾಗಿ ಕಾಯುತ್ತಾ ಈ ಕೆಲಸವನ್ನು ಮುಂದೂಡುವುದು ತಪ್ಪು ಎಂಬುದು ಈ ಲೇಖನದ ವಾದ.

ಪ್ರತಿರೋಧ ಹುಟ್ಟುವ ಬಗೆ ತಿಳಿದರೆ ಹರಡುವಿಕೆಗೆ ಏಕಿಷ್ಟು ತೂಕ ಎಂಬುದು ಗೊತ್ತಾಗುತ್ತದೆ. ಅನುಕೂಲ ಸಿಕ್ಕರೆ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಕೋಟಿಗಟ್ಟಲೆ ಪ್ರತಿಗಳಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ, ಅಂಥ ತಪ್ಪುಗಳಲ್ಲಿ ಕೆಲವು ಔಷಧದಿಂದ ಪಾರಾಗುವ ದಾರಿ ತೆರೆಯುತ್ತವೆ. ಔಷಧ ಕೊಟ್ಟಾಗ ಉಳಿದವು ಸತ್ತು ಇವು ಮಾತ್ರ ಬೆಳೆಯುತ್ತವೆ. ಕೆಲವು ಬ್ಯಾಕ್ಟೀರಿಯಾ ಔಷಧವನ್ನು ಕತ್ತರಿಸುವ ಕಿಣ್ವ ತಯಾರಿಸುತ್ತವೆ, ಕೆಲವು ಒಳಬಂದ ಔಷಧವನ್ನು ಪಂಪಿನಂತಹ ರಚನೆಯಿಂದ ಹೊರದಬ್ಬುತ್ತವೆ, ಕೆಲವು ಔಷಧ ಒಳಬರುವ ರಂಧ್ರಗಳನ್ನೇ ಮುಚ್ಚಿಕೊಳ್ಳುತ್ತವೆ. ಇವೆಲ್ಲಕ್ಕಿಂತ ಅಪಾಯಕಾರಿ ಸಂಗತಿ ಇನ್ನೊಂದಿದೆ. ಪ್ರತಿರೋಧದ ಜೀನ್‌ಗಳು ಬಹಳಷ್ಟು ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲಿರುತ್ತವೆ, ಬ್ಯಾಕ್ಟೀರಿಯಾಗಳು ಅದನ್ನು ಒಂದಕ್ಕೊಂದು ದಾಟಿಸುತ್ತವೆ. ಪಕ್ಕದ ಮನೆಯವರಿಗೆ ಮೊಸರಿನ ಹೆಪ್ಪು ಕೊಟ್ಟರೆ ನಮ್ಮ ಮನೆಯ ಮೊಸರಿಗೆ ಕೊರತೆಯಾಗುವುದಿಲ್ಲವಲ್ಲ, ಹಾಗೆ. ಕೊಟ್ಟದ್ದರ ಬಳಿಯೂ ಒಂದು ಪ್ರತಿ ಉಳಿಯುತ್ತದೆ, ಪಡೆದದ್ದೂ ಇನ್ನೊಂದಕ್ಕೆ ಕೊಡಬಲ್ಲದು. ಇ. ಕೋಲೈಯಿಂದ ಕ್ಲೆಬ್ಸಿಯೆಲ್ಲಾಗೆ, ಹೀಗೆ ಜಾತಿಯ ಗಡಿಯನ್ನೂ ದಾಟಿ ಈ ಕೊಡುಕೊಳ್ಳುವಿಕೆ ನಡೆಯುತ್ತದೆ. ಒಂದೇ ಉಂಗುರದಲ್ಲಿ ಐದಾರು ಔಷಧಗಳ ವಿರುದ್ಧದ ಜೀನ್‌ಗಳು ಒಟ್ಟಿಗೆ ಕೂತಿರುವುದೂ ಉಂಟು.

ಪ್ರತಿ ಹೊಸ ಔಷಧವನ್ನೂ ಪ್ರತಿರೋಧ ಹಿಂಬಾಲಿಸುತ್ತದೆ ಎಂಬುದನ್ನು ಇತಿಹಾಸವೂ ಹೇಳುತ್ತದೆ. ಪೆನಿಸಿಲಿನ್ ರೋಗಿಗಳ ಕೈಗೆ ಸಿಗುವ ಮೊದಲೇ, 1940ರಲ್ಲಿ, ಅದನ್ನು ಒಡೆಯುವ ಕಿಣ್ವವನ್ನು ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದರು. ಕಡಿಮೆ ಪ್ರಮಾಣದಲ್ಲಿ ಔಷಧ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು. ಪೆನಿಸಿಲಿನ್‌ಗೆ ಬಗ್ಗದ ಸ್ಟೆಫಿಲೊಕಾಕಸ್‌ಗೆಂದು 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲೇ ಅದಕ್ಕೂ ಬಗ್ಗದ ತಳಿಯ ವರದಿ ಬ್ರಿಟನ್ನಿನಿಂದ ಬಂತು. 1980ರ ದಶಕದಲ್ಲಿ ಬಂದ ಕಾರ್ಬಪೆನೆಮ್‌ಗಳ ಮೇಲೆ ವೈದ್ಯಲೋಕ ದೊಡ್ಡ ಭರವಸೆ ಇಟ್ಟಿತ್ತು. 2008ರಲ್ಲಿ ಸ್ವೀಡನ್ನಿನಲ್ಲಿ, ಅದಕ್ಕೂ ಮುಂಚೆ ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾದಲ್ಲಿ ಕಾರ್ಬಪೆನೆಮ್‌ಗಳನ್ನು ಒಡೆಯುವ ಹೊಸ ಕಿಣ್ವ ಕಂಡಿತು. ಎನ್‌ಡಿಎಂ-1 ಎಂಬ ಹೆಸರಿನಿಂದ ಅದು ಇಂದು ಜಗತ್ತಿನಾದ್ಯಂತ ಪರಿಚಿತ. ಆಮೇಲೆ ವೈದ್ಯರು ಹಳೆಯ ಕೊಲಿಸ್ಟಿನ್ ಕಡೆಗೆ ತಿರುಗಿದರು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು 1970ರ ದಶಕದಲ್ಲಿ ಬದಿಗಿಟ್ಟಿದ್ದ ಔಷಧ ಅದು. 2015ರಲ್ಲಿ ಚೀನಾದ ಸಂಶೋಧಕರು ಕೊಲಿಸ್ಟಿನ್‌ಗೂ ಪ್ರತಿರೋಧ ತರುವ ಎಂಸಿಆರ್-1 ಜೀನನ್ನು ಪ್ಲಾಸ್ಮಿಡ್ ಮೇಲೆ ಕಂಡರು. 2020ರಿಂದ ಅಮೆರಿಕದ ಪ್ರಯೋಗಾಲಯ ಮಾನದಂಡಗಳಲ್ಲಿ ಇಂಥ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಕೊಲಿಸ್ಟಿನ್ ಎದುರು ‘ಎಸ್’ ಎಂದು ಬರೆಯಲು ಅವಕಾಶವೇ ಇಲ್ಲ. ಅದನ್ನು ನಿಶ್ಚಿಂತೆಯಿಂದ ನೆಚ್ಚಬಹುದು ಎಂದು ಹೇಳುವಂತಿಲ್ಲ ಎಂಬುದೇ ಇದರ ಅರ್ಥ.

ಇಷ್ಟಾದ ಮೇಲೆ ಈ ಬ್ಯಾಕ್ಟೀರಿಯಾಗಳು ಆಸ್ಪತ್ರೆಯಲ್ಲೇ ಏಕೆ ಬೀಡುಬಿಡುತ್ತವೆ ಎಂದು ನೋಡೋಣ. ಆರೋಗ್ಯವಂತರ ಕರುಳಿನಲ್ಲೂ ಇ. ಕೋಲೈ, ಕ್ಲೆಬ್ಸಿಯೆಲ್ಲಾ ತೊಂದರೆ ಕೊಡದೆ ವಾಸಿಸುತ್ತವೆ. ಔಷಧಕ್ಕೆ ಬಗ್ಗದ ತಳಿ ಕರುಳಿನಲ್ಲಿದ್ದ ಮಾತ್ರಕ್ಕೆ ಯಾರೂ ಕಾಯಿಲೆ ಬೀಳುವುದಿಲ್ಲ. ಅವರು ವಾಹಕರು, ಅಷ್ಟೆ. ಕಾಯಿಲೆಯಾಗಬೇಕಾದರೆ ಅದು ರಕ್ತಕ್ಕೋ ಶ್ವಾಸಕೋಶಕ್ಕೋ ಮೂತ್ರಕೋಶಕ್ಕೋ ಇಳಿಯಬೇಕು. ಐಸಿಯುವಿನಲ್ಲಿ ಆ ದಾರಿಯನ್ನು ನಾವೇ ತೆರೆದಿಟ್ಟಿರುತ್ತೇವೆ. ಕತ್ತಿನ ಬಳಿಯ ದೊಡ್ಡ ಅಭಿಧಮನಿಗೆ ಹಾಕಿ, ತುದಿಯನ್ನು ಹೃದಯದ ಹತ್ತಿರಕ್ಕೆ ಒಯ್ದು ನಿಲ್ಲಿಸುವ ಸೆಂಟ್ರಲ್ ಲೈನನ್ನು ನೋಡಿ. ಬಿಪಿ ಏರಿಸುವ ಔಷಧ, ಪೋಷಕ ದ್ರವ, ಆಂಟಿಬಯೋಟಿಕ್ ಎಲ್ಲವೂ ಸಾಮಾನ್ಯವಾಗಿ ಅದರ ಮೂಲಕವೇ ಹೋಗುತ್ತವೆ. ಅದರ ಹೊರತುದಿಯ ಮುಚ್ಚಳಗಳನ್ನು ದಿನಕ್ಕೆ ಎಷ್ಟೋ ಸಲ ತೆರೆದು ಮುಚ್ಚುತ್ತಾರೆ. ಹಾಗೆ ಮಾಡುವ ಕೈ ಅರೆನಿಮಿಷದ ಹಿಂದೆ ಪಕ್ಕದ ರೋಗಿಯ ಮೂತ್ರದ ಚೀಲ ಮುಟ್ಟಿದ್ದರೆ ಬ್ಯಾಕ್ಟೀರಿಯಾ ನೇರವಾಗಿ ರಕ್ತದ ಬಾಗಿಲಿಗೆ ಬಂದಂತೆ. ನಳಿಕೆಯ ಒಳಗೋಡೆಗೆ ಅಂಟಿಕೊಂಡು ಲೋಳೆಯ ಪದರ ಕಟ್ಟಿಕೊಂಡ ಮೇಲಂತೂ ಔಷಧ ಅದನ್ನು ತಲುಪುವುದೇ ಕಷ್ಟ, ನಳಿಕೆಯನ್ನೇ ತೆಗೆಯಬೇಕಾಗುತ್ತದೆ. ವೆಂಟಿಲೇಟರಿನ ಕೊಳವೆ, ಮೂತ್ರದ ಕ್ಯಾಥೆಟರ್‌ಗಳ ಕಥೆಯೂ ಇದೇ. ಅಸಿನೆಟೊಬ್ಯಾಕ್ಟರ್ ಅಂತೂ ಒಣಗಿದ ಮೇಲ್ಮೈಗಳಲ್ಲೂ ವಾರಗಟ್ಟಲೆ ಬದುಕಬಲ್ಲದು: ಮಂಚದ ಕಂಬಿ, ಮಾನಿಟರಿನ ಗುಂಡಿ, ಪರದೆಯ ಬಟ್ಟೆ ಎಲ್ಲವೂ ಅದಕ್ಕೆ ನೆಲೆ. ಸುತ್ತಲೂ ಬಲವಾದ ಆಂಟಿಬಯೋಟಿಕ್‌ಗಳು ಹರಿಯುತ್ತಿರುವುದರಿಂದ ಅವುಗಳಿಗೆ ಬಗ್ಗದ ತಳಿಗಳೇ ಅಲ್ಲಿ ಉಳಿಯುತ್ತವೆ.

ಇದರ ಪೆಟ್ಟು ಎಲ್ಲರಿಗಿಂತ ಹೆಚ್ಚು ಬೀಳುವುದು ಈಗಷ್ಟೇ ಹುಟ್ಟಿದ ಮಕ್ಕಳ ಮೇಲೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ, ನವಜಾತ ಶಿಶುಗಳ ನಂಜಿನ ಕುರಿತ ಅಧ್ಯಯನ ಐಸಿಯು ಸೇರಿದ 13,530 ಶಿಶುಗಳನ್ನು ಗಮನಿಸಿತು. ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕ ಬ್ಯಾಕ್ಟೀರಿಯಾ ಅಸಿನೆಟೊಬ್ಯಾಕ್ಟರ್, ನಂತರ ಕ್ಲೆಬ್ಸಿಯೆಲ್ಲಾ. ಅಸಿನೆಟೊಬ್ಯಾಕ್ಟರ್‌ನ ನೂರಕ್ಕೆ 80ಕ್ಕೂ ಹೆಚ್ಚು ಮಾದರಿಗಳು ಹಲವು ಗುಂಪಿನ ಔಷಧಗಳಿಗೆ ಬಗ್ಗದಂಥವು. ನಂಜಿನ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಹುಟ್ಟಿದ 72 ಗಂಟೆಗಳೊಳಗೇ ಕಾಣಿಸಿಕೊಂಡಿದ್ದವು. ಮೂರು ದಿನದ ಕೂಸು ಆಂಟಿಬಯೋಟಿಕ್‌ಗಳನ್ನು ದುರುಪಯೋಗ ಮಾಡಿರಲು ಸಾಧ್ಯವಿಲ್ಲ. ಆಸ್ಪತ್ರೆಯ ಸೋಂಕಿನ ಲಕ್ಷಣವಿರುವ ಈ ಬ್ಯಾಕ್ಟೀರಿಯಾಗಳು ಅದನ್ನು ಇಷ್ಟು ಬೇಗ ತಲುಪಿದವು ಎಂದರೆ ಹೆರಿಗೆ ಕೋಣೆ ಮತ್ತು ಶಿಶು ಘಟಕಗಳ ಶುಚಿತ್ವದ ಕಡೆಗೇ ಕಣ್ಣು ಹಾಯಿಸಬೇಕಾಗುತ್ತದೆ. ರೋಗಿಗಳನ್ನು ದೂರುವ ವಾದ ಇಲ್ಲಿ ನಿಲ್ಲುವುದಿಲ್ಲ.

ಹರಡುವುದನ್ನು ತಡೆಯಬಹುದು ಎಂಬುದಕ್ಕೆ ಪುರಾವೆ ಹಳೆಯದು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ, ಬ್ಯಾಕ್ಟೀರಿಯಾಗಳಿಂದ ರೋಗ ಬರುತ್ತದೆಂಬುದು ಇನ್ನೂ ಸಾಬೀತಾಗದ ಕಾಲದಲ್ಲಿ, ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ತಾಯಂದಿರ ಸಾವು ಜೂನ್ ಹೊತ್ತಿಗೆ 2ರ ಸಮೀಪಕ್ಕೆ ಇಳಿಯಿತು. ಹೊಸ ಕಾಲದ ಪುರಾವೆ ಇನ್ನೂ ಗಟ್ಟಿ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳು ಸೆಂಟ್ರಲ್ ಲೈನ್ ಹಾಕುವಾಗ ಐದು ಹೆಜ್ಜೆಗಳನ್ನು ತಪ್ಪದೆ ಪಾಲಿಸತೊಡಗಿದವು. ಕೈ ತೊಳೆಯುವುದು, ಟೋಪಿ, ಮಾಸ್ಕ್, ಗೌನು, ಗ್ಲೌಸ್ ತೊಟ್ಟು ರೋಗಿಯ ಮೇಲೆ ಪೂರ್ತಿ ಶುದ್ಧ ಹೊದಿಕೆ ಹಾಸುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದಿಯ ನಾಳವನ್ನು ಬಳಸದಿರುವುದು, ಬೇಡವಾದ ಲೈನನ್ನು ಆ ದಿನವೇ ತೆಗೆಯುವುದು. ಒಂದು ಹೆಜ್ಜೆ ತಪ್ಪಿದರೂ ವೈದ್ಯರನ್ನು ತಡೆಯುವ ಅಧಿಕಾರ ನರ್ಸ್‌ಗಳಿಗಿತ್ತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಾವಿರ ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) ಸರಾಸರಿ 7.7 ಇದ್ದ ರಕ್ತದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು. ಇದಕ್ಕೆ ಒಂದೂ ಹೊಸ ಔಷಧ ಬೇಕಾಗಲಿಲ್ಲ. ಭಾರತದ ಐಸಿಯುಗಳ ದೊಡ್ಡ ಜಾಲವೊಂದರಲ್ಲಿ ಈಚಿನ ವರ್ಷಗಳ ಲೆಕ್ಕ ಸಾವಿರಕ್ಕೆ ಸುಮಾರು 9. ಹೆಚ್ಚುಕಡಿಮೆ ಮಿಷಿಗನ್ ತನ್ನ ಕೆಲಸ ಶುರುಮಾಡಿದ ಜಾಗದಲ್ಲೇ ನಾವು ಇಂದು ನಿಂತಿದ್ದೇವೆ.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಒಮ್ಮೆ ಬೇರುಬಿಟ್ಟ ಮೇಲೆ ಶುಚಿತ್ವದಿಂದೇನು ಪ್ರಯೋಜನ ಎನ್ನುವವರಿಗೆ ಇಸ್ರೇಲ್ ಉತ್ತರ ಕೊಟ್ಟಿದೆ. 2006ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಹಬ್ಬಿತು. ಒಂದೊಂದು ಆಸ್ಪತ್ರೆ ತನ್ನಷ್ಟಕ್ಕೆ ಮಾಡಿದ ಪ್ರಯತ್ನ ಫಲಿಸಲಿಲ್ಲ, ಏಕೆಂದರೆ ರೋಗಿಗಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದರು. 2007ರ ಮಾರ್ಚ್ ಹೊತ್ತಿಗೆ 27 ಆಸ್ಪತ್ರೆಗಳಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ರೋಗಿಗಳು ಇದಕ್ಕೆ ಸಿಕ್ಕಿದ್ದರು. ಆಗ ಆರೋಗ್ಯ ಸಚಿವಾಲಯ ನೇರವಾಗಿ ಕೈಹಾಕಿತು. ಪ್ರತಿಯೊಬ್ಬ ವಾಹಕರ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು, ಅವರನ್ನು ಬೇರೆ ಇರಿಸಬೇಕು, ಅವರನ್ನು ನೋಡಿಕೊಳ್ಳುವ ನರ್ಸ್‌ಗಳು ಬೇರೆ ರೋಗಿಗಳ ಬಳಿ ಹೋಗಬಾರದು ಎಂದು ವಿಧಿಸಿ, ಇದನ್ನು ಪರಿಶೀಲಿಸಲು ಅಧಿಕಾರವುಳ್ಳ ಒಂದು ತಂಡವನ್ನು ನೇಮಿಸಿತು. ಲಕ್ಷ ರೋಗಿ-ದಿನಗಳಿಗೆ 55ರಷ್ಟಿದ್ದ ತಿಂಗಳ ಹೊಸ ಪ್ರಕರಣಗಳು 2008ರ ಮೇ ವೇಳೆಗೆ 12ಕ್ಕಿಂತ ಕೆಳಗಿಳಿದವು. ಇಂಗ್ಲೆಂಡಿನಲ್ಲೂ ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫಿಲೊಕಾಕಸ್, ಅಂದರೆ ಎಂಆರ್‌ಎಸ್‌ಎ, ರಕ್ತಕ್ಕೆ ಇಳಿದ ಪ್ರಕರಣಗಳನ್ನು ವರದಿ ಮಾಡುವುದು 2001ರಿಂದ ಕಡ್ಡಾಯವಾಯಿತು. ಅದನ್ನು ಅರ್ಧಕ್ಕಿಳಿಸುವ ಗುರಿಯನ್ನು ಸರ್ಕಾರ 2004ರಲ್ಲಿ ಹಾಕಿತು. 2003-04ರಲ್ಲಿ ಸುಮಾರು 7,700 ಇದ್ದದ್ದು 2011-12ರಲ್ಲಿ 1,200ಕ್ಕೂ ಕಡಿಮೆಯಾಯಿತು. ಎರಡೂ ಕಡೆ ಗೆಲುವು ತಂದದ್ದು ಲೆಕ್ಕ, ಹೊಣೆಗಾರಿಕೆ ಮತ್ತು ಕಟ್ಟುನಿಟ್ಟಾದ ಶುಚಿತ್ವ.

ಹೊಸ ಔಷಧಗಳು ಬರುತ್ತಿವೆಯಲ್ಲ ಎಂಬುದು ಮೊದಲ ಆಕ್ಷೇಪ. ಬರುತ್ತಿವೆ, ಬರಲೇಬೇಕು. ಚೆನ್ನೈ ಮೂಲದ ಕಂಪನಿಯಲ್ಲಿ ಹುಟ್ಟಿದ ಎನ್‌ಮೆಟಾಜೊಬ್ಯಾಕ್ಟಮ್ ಒಳಗೊಂಡ ಔಷಧಕ್ಕೆ 2024ರಲ್ಲಿ ಅಮೆರಿಕದ ಅನುಮತಿ ಸಿಕ್ಕಿದೆ. ಬೆಂಗಳೂರಿನ ಬಗ್‌ವರ್ಕ್ಸ್ 2014ರಿಂದ ಹೊಸ ಬಗೆಯ ಆಂಟಿಬಯೋಟಿಕ್‌ಗಾಗಿ ದುಡಿಯುತ್ತಿದೆ. ಎನ್‌ಡಿಎಂ ಇರುವ ಬ್ಯಾಕ್ಟೀರಿಯಾಗಳ ಮೇಲೂ ಕೆಲಸ ಮಾಡುವ ಅಜ್‌ಟ್ರಿಯೊನಾಮ್-ಅವಿಬ್ಯಾಕ್ಟಮ್ ಜೋಡಿಗೆ ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಇವೆಲ್ಲ ಹೆಮ್ಮೆಯ, ಅಗತ್ಯದ ಕೆಲಸಗಳು. ಆದರೆ ಆಂಟಿಬಯೋಟಿಕ್‌ನ ಅರ್ಥಶಾಸ್ತ್ರವೇ ವಿಚಿತ್ರ: ಔಷಧ ಎಷ್ಟು ಒಳ್ಳೆಯದೋ ಅಷ್ಟು ಕಡಿಮೆ ಬಳಸಬೇಕು, ಕಡಿಮೆ ಬಳಸಿದರೆ ತಯಾರಿಸಿದವರಿಗೆ ಲಾಭವಿಲ್ಲ. ಅಮೆರಿಕದ ಅಕಾವೊಜೆನ್ ಕಂಪನಿಯ ಪ್ಲಾಜೊಮೈಸಿನ್‌ಗೆ 2018ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯಾಯಿತು. ಹರಡುವಿಕೆಯನ್ನು ತಡೆಯದ ಆಸ್ಪತ್ರೆಗೆ ಹೊಸ ಔಷಧ ಬಂದರೆ ಮೆಥಿಸಿಲಿನ್‌ಗೆ ಆದ ಗತಿಯೇ ಅದಕ್ಕೂ ಆಗುತ್ತದೆ. ಶುಚಿತ್ವವಿದ್ದ ಕಡೆ ಹೊಸ ಔಷಧ ಹೆಚ್ಚು ಕಾಲ ಬಾಳುತ್ತದೆ. ಹಾಗಾಗಿ ಇವೆರಡೂ ಒಂದಕ್ಕೊಂದು ಪರ್ಯಾಯವಲ್ಲ. ಶುಚಿತ್ವವೇ ಹೊಸ ಔಷಧಕ್ಕೆ ಆಸರೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಬೇರು ಹೊರಗಿದೆ, ಮೆಡಿಕಲ್ ಶಾಪ್, ಫಾರಂ, ಚರಂಡಿಗಳಲ್ಲಿದೆ, ಆಸ್ಪತ್ರೆಯನ್ನಷ್ಟೇ ತೊಳೆದರೇನು ಬಂತು? 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ, ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಎನ್‌ಡಿಎಂ-1 ಜೀನ್ ಕಂಡದ್ದನ್ನು ಯಾರೂ ಕಡೆಗಣಿಸುವಂತಿಲ್ಲ. ಸರ್ಕಾರ 2014ರಿಂದ ಹಲವು ಆಂಟಿಬಯೋಟಿಕ್‌ಗಳನ್ನು ಎಚ್-1 ಪಟ್ಟಿಗೆ ಸೇರಿಸಿ, ವೈದ್ಯರ ಮತ್ತು ರೋಗಿಯ ಹೆಸರನ್ನು ಔಷಧ ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದಿಡಬೇಕೆಂದಿತು. ಚೀಟಿಯಿಲ್ಲದೆ ಕೊಳ್ಳಬಾರದ ಮಾತ್ರೆಗಳ ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಬಗ್ಗೆ 2016ರಲ್ಲಿ ಪ್ರಚಾರ ಮಾಡಿತು. 2019ರಲ್ಲಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಇವನ್ನೆಲ್ಲ ಇನ್ನಷ್ಟು ಬಿಗಿಯಾಗಿ ಜಾರಿಗೆ ತರಬೇಕು. ಆದರೆ ಒಳಚರಂಡಿ ಸರಿಪಡಿಸಲು, ಸಮಾಜದ ಅಭ್ಯಾಸ ಬದಲಿಸಲು ದಶಕಗಳು ಬೇಕು, ಐಸಿಯುವಿನ ಅಭ್ಯಾಸ ಬದಲಿಸಲು ತಿಂಗಳುಗಳು ಸಾಕು. ಕರುಳಿನಲ್ಲಿ ಸುಮ್ಮನಿರುವ ತಳಿ ಪ್ರಾಣಾಂತಿಕವಾಗುವುದು ಹೆಚ್ಚಾಗಿ ಆಸ್ಪತ್ರೆಯಲ್ಲೇ, ಅದು ಹೊಸ ರೋಗಿಗಳಿಗೆ ಅಂಟುವುದೂ ಅಲ್ಲೇ. ಜೊತೆಗೆ ಆಸ್ಪತ್ರೆಯ ಕೊಳಚೆಯೂ ಅದೇ ಚರಂಡಿ ಸೇರುತ್ತದೆ, ಗುಣವಾದ ರೋಗಿ ಹೊಸ ತಳಿಯನ್ನು ಹೊತ್ತು ಅದೇ ಊರಿಗೆ ಹಿಂದಿರುಗುತ್ತಾನೆ. ಒಳಗೆ ತಡೆದರೆ ಹೊರಗಿನ ಹೊರೆಯೂ ತಗ್ಗುತ್ತದೆ.

ಮೂರನೆಯದು ವೈದ್ಯರದ್ದು. ನಂಜೇರಿದ ರೋಗಿಗೆ ಕಲ್ಚರ್ ರಿಪೋರ್ಟ್ ಬರುವವರೆಗೆ ಕಾಯಲಾಗದು, ಬಲವಾದ ಔಷಧ ಕೊಡಲೇಬೇಕು ಎನ್ನುತ್ತಾರೆ. ಒಪ್ಪೋಣ, ಆ ಗಳಿಗೆಯಲ್ಲಿ ತಡಮಾಡಿದರೆ ಜೀವ ಹೋಗುತ್ತದೆ. ಪ್ರಶ್ನೆ ಇರುವುದು ಆ ಮೊದಲ ಡೋಸಿನ ಬಗ್ಗೆ ಅಲ್ಲ, ಆಮೇಲಿನದರ ಬಗ್ಗೆ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2021-22ರಲ್ಲಿ 20 ದೊಡ್ಡ ಆಸ್ಪತ್ರೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಒಳರೋಗಿಗಳಲ್ಲಿ ನೂರಕ್ಕೆ ಸುಮಾರು 72 ಮಂದಿ ಆಂಟಿಬಯೋಟಿಕ್ ಮೇಲಿದ್ದರು. ಬರೆದುಕೊಟ್ಟದ್ದರಲ್ಲಿ ಅರ್ಧಕ್ಕೂ ಹೆಚ್ಚು, ಇರುವ ಸೋಂಕಿಗಲ್ಲ, ಬರದಿರಲೆಂದು ಮುನ್ನೆಚ್ಚರಿಕೆಗೆ ಕೊಟ್ಟದ್ದು. ಚಿಕಿತ್ಸೆಗೆಂದು ಕೊಟ್ಟದ್ದರಲ್ಲಿ ಇಂಥದ್ದೇ ಬ್ಯಾಕ್ಟೀರಿಯಾ ಎಂದು ಖಚಿತವಾಗಿ ತಿಳಿದು ಕೊಟ್ಟದ್ದು ನೂರಕ್ಕೆ ಆರರಷ್ಟು ಮಾತ್ರ. ಹೆಚ್ಚಿನ ಶಸ್ತ್ರಚಿಕಿತ್ಸೆಗಳಲ್ಲಿ ಮುನ್ನೆಚ್ಚರಿಕೆಯ ಡೋಸ್ ಚರ್ಮ ಕೊಯ್ಯುವ ಮುನ್ನ ಸಾಕು. ಆಪರೇಷನ್ ಮುಗಿದ ಮೇಲೂ ಅದನ್ನು ಮುಂದುವರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ರಕ್ತದ ಸೋಂಕಿಗೆ ಸಿಕ್ಕ 3,600ಕ್ಕೂ ಹೆಚ್ಚು ರೋಗಿಗಳ ಮೇಲೆ ಏಳು ದೇಶಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸ್ಟೆಫಿಲೊಕಾಕಸ್ ಆರಿಯಸ್‌ನಂಥ ಕೆಲವನ್ನು ಬಿಟ್ಟರೆ, ಏಳು ದಿನದ ಚಿಕಿತ್ಸೆ ಹದಿನಾಲ್ಕು ದಿನದ ಚಿಕಿತ್ಸೆಗಿಂತ ಕಡಿಮೆಯೇನಲ್ಲ ಎಂದು ಕಂಡುಬಂತು. ಔಷಧ ಹಾಕುವ ಮೊದಲೇ ಕಲ್ಚರ್‌ಗೆ ರಕ್ತ ತೆಗೆಯುವುದು, ರಿಪೋರ್ಟ್ ಬಂದ ದಿನ ಔಷಧದ ವ್ಯಾಪ್ತಿಯನ್ನು ಕಿರಿದಾಗಿಸುವುದು ಅಥವಾ ನಿಲ್ಲಿಸುವುದು ವೈದ್ಯರ ಕೈಯಲ್ಲೇ ಇದೆ. ಅದಕ್ಕೆ ಬೇಕಾದದ್ದು ದಿನದ 24 ಗಂಟೆಯೂ ತೆರೆದಿರುವ ಸೂಕ್ಷ್ಮಜೀವಿ ಪ್ರಯೋಗಾಲಯ ಮತ್ತು ಅದರ ರಿಪೋರ್ಟನ್ನು ನಂಬಿ ನಡೆಯುವ ಶಿಸ್ತು.

ಇಸ್ರೇಲ್, ಇಂಗ್ಲೆಂಡ್‌ಗಳ ಮಾತು ನಮಗೆ ಹೊಂದುತ್ತದೆಯೇ, ಒಂದೇ ಮಂಚದಲ್ಲಿ ಇಬ್ಬರು ಮಲಗುವ ನಮ್ಮ ವಾರ್ಡುಗಳಲ್ಲಿ ಪ್ರತ್ಯೇಕ ಕೋಣೆ ಎಲ್ಲಿಂದ ತರುವುದು ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕಾದ ಕಡೆ ಮೂರು ನಾಲ್ಕು ರೋಗಿಗಳಿಗೆ ಒಬ್ಬರೇ ಓಡಾಡುತ್ತಿದ್ದರೆ, ಪ್ರತಿ ಸ್ಪರ್ಶಕ್ಕೂ ಕೈ ಶುಚಿ ಮಾಡಿಕೊಳ್ಳಿ ಎನ್ನುವುದು ಉಪದೇಶವಷ್ಟೇ ಆಗುತ್ತದೆ. ಆಲ್ಕೊಹಾಲ್ ದ್ರಾವಣದಿಂದ ಕೈ ಉಜ್ಜಲು 20ರಿಂದ 30 ಸೆಕೆಂಡ್ ಬೇಕು. ಆ ಸಮಯವೇ ಅವರಿಗಿಲ್ಲ. ನೆಲ, ಮಂಚ ಒರೆಸುವ ಗುತ್ತಿಗೆ ನೌಕರರಿಗೆ ತರಬೇತಿಯೂ ಇಲ್ಲ, ಕೆಲಸದ ಭದ್ರತೆಯೂ ಇಲ್ಲ. ಆದ್ದರಿಂದ ನರ್ಸ್‌ಗಳ ನೇಮಕ, ಶುಚಿತ್ವ ಸಿಬ್ಬಂದಿಯ ಘನತೆ, ಪ್ರತಿ ಮಂಚದ ಬಳಿ ಒಂದು ಬಾಟಲಿ ಹ್ಯಾಂಡ್‌ರಬ್ ಇವನ್ನು ಚಿಕಿತ್ಸೆಯ ಖರ್ಚೆಂದೇ ಲೆಕ್ಕ ಹಾಕಬೇಕು. ಜಿನೀವಾದ ಆಸ್ಪತ್ರೆಯೊಂದು 1994ರಿಂದ 1997ರವರೆಗೆ ಮಂಚದ ಬಳಿಯೇ ಹ್ಯಾಂಡ್‌ರಬ್ ಇಟ್ಟು ಸಿಬ್ಬಂದಿಯನ್ನು ಪ್ರೇರೇಪಿಸಿದಾಗ ಕೈ ಶುಚಿಯ ಪಾಲನೆ ನೂರಕ್ಕೆ 48ರಿಂದ 66ಕ್ಕಷ್ಟೇ ಏರಿತು. ಆದರೂ ಆಸ್ಪತ್ರೆ ಸೋಂಕು ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು. ಪರಿಪೂರ್ಣತೆ ಸಾಧ್ಯವಾಗದಿದ್ದರೂ ಅರ್ಧ ದಾರಿಯ ಸುಧಾರಣೆಗೇ ಫಲವುಂಟು. ಇನ್ನು ಬಡದೇಶಕ್ಕೆ ತಡೆಯುವುದು ದುಬಾರಿ ಎನ್ನುವವರು ಇದನ್ನೂ ನೋಡಬೇಕು: 2019ರಲ್ಲಿ ಭಾರತದಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಸೋಂಕಿಗೆ ಸಿಕ್ಕವರಲ್ಲಿ ಸರಿಯಾದ ಔಷಧ ದಕ್ಕಿದ್ದು ನೂರಕ್ಕೆ 8ಕ್ಕೂ ಕಡಿಮೆ ಮಂದಿಗೆ ಎಂದು 2025ರ ಅಧ್ಯಯನವೊಂದು ಅಂದಾಜಿಸಿದೆ. ಕೊನೆಯ ಔಷಧ ಕೊಳ್ಳಲಾಗದ ಸಮಾಜಕ್ಕೆ ಸೋಂಕು ಬಾರದಂತೆ ನೋಡಿಕೊಳ್ಳುವುದಕ್ಕಿಂತ ಅಗ್ಗದ ದಾರಿ ಬೇರೆ ಇಲ್ಲ.

ಕೊನೆಯ ಆಕ್ಷೇಪ, ಬಾಯಿಬಿಟ್ಟು ಹೇಳದಿದ್ದರೂ, ಎಲ್ಲಕ್ಕಿಂತ ಬಲವಾದದ್ದು. ಸೋಂಕಿನ ಲೆಕ್ಕ ಬಹಿರಂಗಪಡಿಸಿದರೆ ಆಸ್ಪತ್ರೆಯ ಹೆಸರು ಕೆಡುತ್ತದೆ ಎಂಬ ಭಯ ಅದು. 2010ರಲ್ಲಿ ಎನ್‌ಡಿಎಂ ಸುದ್ದಿಯಾದಾಗ ನಮ್ಮಲ್ಲಿ ದೊಡ್ಡ ಚರ್ಚೆ ನಡೆದದ್ದು ಅದಕ್ಕೆ ನವದೆಹಲಿಯ ಹೆಸರಿಟ್ಟದ್ದೇಕೆ, ವಿದೇಶಿ ರೋಗಿಗಳು ಬರದಂತೆ ಮಾಡುವ ಹುನ್ನಾರವೇ ಎಂಬುದರ ಬಗ್ಗೆ. ಹೆಸರಿನ ಬಗ್ಗೆ ನೋವಿಗೆ ಕಾರಣವಿತ್ತು, ಆದರೆ ಆ ಗದ್ದಲದಲ್ಲಿ ಬ್ಯಾಕ್ಟೀರಿಯಾ ಹರಡುವುದೇನೂ ನಿಲ್ಲಲಿಲ್ಲ. ಎಲ್ಲ ಆಸ್ಪತ್ರೆಗಳೂ ಒಂದೇ ಅಳತೆಗೋಲಿನಿಂದ ಅಳೆದು, ರೋಗಿಗಳ ತೀವ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪ್ರಕಟಿಸಿದರೆ ಯಾರೊಬ್ಬರಿಗೂ ಅನ್ಯಾಯವಾಗುವುದಿಲ್ಲ. ಅಳೆಯುವ ಆಸ್ಪತ್ರೆಯಲ್ಲಿ ಸೋಂಕು ಹೆಚ್ಚು ಕಾಣುವುದು ಸಹಜ. ಅಳೆಯದ ಆಸ್ಪತ್ರೆಯ ಶೂನ್ಯವನ್ನು ನಂಬಬಾರದೆಂದು ಓದುಗರೂ ಪತ್ರಕರ್ತರೂ ಕಲಿಯಬೇಕು. ಇಂಗ್ಲೆಂಡಿನ ಆಸ್ಪತ್ರೆಗಳು ತಮ್ಮ ಲೆಕ್ಕ ಹೊರಗಿಟ್ಟ ಮೇಲೆಯೇ ಸುಧಾರಿಸಿದವು ಎಂಬುದನ್ನು ಮರೆಯಬಾರದು.

ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ. ಇಂತಿಷ್ಟು ಐಸಿಯು ಹಾಸಿಗೆ ಇರುವ ಪ್ರತಿ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಸೆಂಟ್ರಲ್ ಲೈನ್, ವೆಂಟಿಲೇಟರ್, ಕ್ಯಾಥೆಟರ್‌ಗಳಿಂದಾದ ಸೋಂಕಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸುವುದು ಕಡ್ಡಾಯವಾಗಬೇಕು. ರಾಜ್ಯ ಸರ್ಕಾರಗಳು ಜಿಲ್ಲಾ ಆಸ್ಪತ್ರೆಗೊಂದು ಸುಸಜ್ಜಿತ ಸೂಕ್ಷ್ಮಜೀವಿ ಪ್ರಯೋಗಾಲಯ, ಸೋಂಕು ನಿಯಂತ್ರಣಕ್ಕೇ ಮೀಸಲಾದ ನರ್ಸ್‌ಗಳನ್ನು ಕೊಡಬೇಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ವಾಹಕ ರೋಗಿಯ ವಿವರ ಡಿಸ್ಚಾರ್ಜ್ ಚೀಟಿಯಲ್ಲಿ ಇರಲೇಬೇಕು. ರೋಗಿಯ ಮನೆಯವರಿಗೂ ಕೇಳುವ ಹಕ್ಕಿದೆ: ಈ ನಳಿಕೆ ಇವತ್ತೂ ಬೇಕೇ, ಕಲ್ಚರ್ ರಿಪೋರ್ಟ್ ಏನು ಹೇಳಿತು, ಈ ಇಂಜೆಕ್ಷನ್ ಎಷ್ಟು ದಿನ? ಇಂಥ ಪ್ರಶ್ನೆಗಳು ವೈದ್ಯರಿಗೆ ಮಾಡುವ ಅವಮಾನವಲ್ಲ, ಅವರ ಕೆಲಸಕ್ಕೆ ಕೊಡುವ ಬೆಂಬಲ. 2024ರ ‘ಲ್ಯಾನ್ಸೆಟ್’ ಅಂದಾಜಿನಂತೆ, ಈಗಿನ ಹಾದಿಯಲ್ಲೇ ಸಾಗಿದರೆ 2025ರಿಂದ 2050ರ ನಡುವೆ ಜಗತ್ತಿನಲ್ಲಿ 3 ಕೋಟಿ 90 ಲಕ್ಷ ಜನ ಔಷಧಕ್ಕೆ ಬಗ್ಗದ ಸೋಂಕಿನಿಂದಲೇ ಸಾಯುತ್ತಾರೆ. ಇದು ವಿಧಿಯಲ್ಲ, ನಾವು ಏನೂ ಮಾಡದಿದ್ದರೆ ಬರುವ ಫಲ. ಬ್ಯಾಕ್ಟೀರಿಯಾ ಬದಲಾಗುವುದನ್ನು ತಡೆಯುವ ಶಕ್ತಿ ನಮಗಿಲ್ಲದಿರಬಹುದು. ಅದು ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ದಾಟುವುದನ್ನು ತಡೆಯುವ ಶಕ್ತಿ ಖಂಡಿತ ಇದೆ. ಆ ಶಕ್ತಿಯನ್ನು ಬಳಸದೆ ಸತ್ತವರ ಲೆಕ್ಕವನ್ನು ಔಷಧದ ಸೋಲೆಂದು ಬರೆದುಕೊಳ್ಳುವುದು ಅನ್ಯಾಯ. ಅದನ್ನು ನಮ್ಮ ನಿರ್ಲಕ್ಷ್ಯದ ಲೆಕ್ಕವೆಂದು ಒಪ್ಪಿಕೊಂಡರೆ ಮಾತ್ರ ಆಸ್ಪತ್ರೆಗಳೂ ಸರ್ಕಾರಗಳೂ ಕೆಲಸಕ್ಕೆ ಇಳಿಯುತ್ತವೆ.